ಹಂದಿಯ ವೈರಸ್ ಬದಲಾಗುವುದರಲ್ಲಿ ಹಂದಿಯ ಪಾಲೆಷ್ಟು? ಹಂದಿಯ ಸರ್ಕೋವೈರಸ್ (ಪಿಸಿವಿ-2) ಕುರಿತು ಪ್ರಶ್ನೋತ್ತರ

ಪ್ರಶ್ನೆ (ಹಂದಿ ಸಾಕಣೆದಾರರು, ದೊಡ್ಡಬಳ್ಳಾಪುರ):
ಮೇಡಂ, ನಮಸ್ಕಾರ. ನಮ್ಮ ಶೆಡ್ಡಿನಲ್ಲಿ ಮರಿಗಳಿಗೆ ಮೂರು ವಾರ ತುಂಬುತ್ತಲೇ ಸರ್ಕೋವೈರಸ್ ಲಸಿಕೆ ಹಾಕಿಸುತ್ತೇವೆ. ಆದರೂ ಈ ಸಲ ಹಾಲು ಬಿಡಿಸಿದ ಮೇಲೆ ಕೆಲವು ಮರಿಗಳು ಬಿಳುಚಿಕೊಂಡು, ಸೊರಗಿ, ಬೆನ್ನುಮೂಳೆ ಎದ್ದು ಕಾಣುವಂತಾದವು. ಮಾದರಿ ಕಳುಹಿಸಿದ್ದಕ್ಕೆ ‘ಪಿಸಿವಿ-2ಡಿ’ ಎಂದು ವರದಿ ಬಂದಿದೆ. ವೈರಸ್ ರೂಪ ಬದಲಿಸಿಕೊಂಡಿದೆ, ಅದಕ್ಕೇ ಲಸಿಕೆ ನಾಟುತ್ತಿಲ್ಲ ಎಂದು ಔಷಧಿ ಅಂಗಡಿಯವರು ಹೇಳುತ್ತಾರೆ. ಹಂದಿಯ ಜೀವಕೋಶದ ಪ್ರೋಟೀನ್‌ಗಳೇ ವೈರಸ್ಸನ್ನು ಬದಲಾಯಿಸುತ್ತವೆ ಎಂದೂ ಓದಿದೆ. ಇದು ನಿಜವೇ? ನಿಜವಾಗಿದ್ದರೆ ನಾನು ಮಾಡಬೇಕಾದದ್ದು ಏನು?

ಉತ್ತರ (ಪಶು ವೈರಾಣು ತಜ್ಞೆ):
ನಮಸ್ಕಾರ. ನೀವು ಓದಿದ್ದು ನಿಜ. ಅದರಲ್ಲೂ ಪಿಸಿವಿ-2ರ ಮಟ್ಟಿಗೆ ಅದು ಬೇರೆ ಎಷ್ಟೋ ವೈರಸ್‌ಗಳಿಗಿಂತ ಹೆಚ್ಚು ನಿಜ. ಯಾಕೆಂದು ಮೊದಲು ಹೇಳಿ, ನಿಮ್ಮ ಶೆಡ್ಡಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಪಿಸಿವಿ-2 ಪ್ರಾಣಿಗಳ ವೈರಸ್‌ಗಳಲ್ಲೇ ಅತಿ ಚಿಕ್ಕವುಗಳಲ್ಲಿ ಒಂದು. ಅಡ್ಡಳತೆ ಸುಮಾರು 17 ನ್ಯಾನೋಮೀಟರ್. ಅದರ ಇಡೀ ಬಂಡವಾಳ ಒಂಟಿ ಎಳೆಯ, ಉಂಗುರದಂತೆ ಸುತ್ತಿಕೊಂಡ ಒಂದು ಡಿಎನ್‌ಎ. ಅದರಲ್ಲಿರುವುದು ಸುಮಾರು 1,767 ಅಕ್ಷರ. ಹಂದಿಯ ಡಿಎನ್‌ಎಯಲ್ಲಿ ಇನ್ನೂರೈವತ್ತು ಕೋಟಿಗೂ ಹೆಚ್ಚು ಅಕ್ಷರಗಳಿವೆ. ಇಷ್ಟು ಪುಟ್ಟ ಜಾಗದಲ್ಲಿ ಈ ವೈರಸ್ ತನ್ನದೆಂದು ಇಟ್ಟುಕೊಂಡಿರುವುದು ಬೆರಳೆಣಿಕೆಯ ಪ್ರೋಟೀನ್‌ಗಳನ್ನು ಮಾತ್ರ. ಪ್ರತಿ ತೆಗೆಯುವ ಕೆಲಸವನ್ನು ಆರಂಭಿಸಲು ‘ರೆಪ್’ ಮತ್ತು ಅದರ ಮೊಟಕು ರೂಪ, ಹೊರಕವಚ ಕಟ್ಟಲು ‘ಕ್ಯಾಪ್’, ಇವುಗಳ ಜೊತೆಗೆ ಒಂದೆರಡು ಸಣ್ಣಪುಟ್ಟವು. ಡಿಎನ್‌ಎ ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸುವ ಪಾಲಿಮರೇಸ್ ಎಂಬ ಕಿಣ್ವ ಇದರ ಬಳಿ ಇಲ್ಲವೇ ಇಲ್ಲ. ಆ ಕೆಲಸಕ್ಕೆ ಹಂದಿಯ ಜೀವಕೋಶದ ಪಾಲಿಮರೇಸ್‌ಗಳೇ ಬೇಕು. ಅಂದರೆ ನಿಮ್ಮ ಮರಿಯ ಮೈಯಲ್ಲಿ ಹುಟ್ಟುವ ಒಂದೊಂದು ಹೊಸ ವೈರಸ್ಸಿನ ಒಂದೊಂದು ಅಕ್ಷರವನ್ನೂ ಜೋಡಿಸಿದ್ದು ಹಂದಿಯದೇ ಪ್ರೋಟೀನ್.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿ ನೋಡಬೇಕು. ತಪ್ಪು ಹುಟ್ಟುವುದು ಒಂದು, ಹುಟ್ಟಿದ ತಪ್ಪು ಉಳಿಯುವುದು ಇನ್ನೊಂದು. ಜೀವಕೋಶದ ಪ್ರೋಟೀನ್‌ಗಳು ಎರಡರಲ್ಲೂ ಕೈಯಾಡಿಸುತ್ತವೆ. ವೈರಸ್ಸಿಗೆ ‘ಬದಲಾಗಬೇಕು’ ಎಂಬ ಉದ್ದೇಶ ಇರುವುದಿಲ್ಲ. ತಪ್ಪುಗಳು ಗೊತ್ತುಗುರಿಯಿಲ್ಲದೆ ಆಗುತ್ತವೆ. ಆಮೇಲೆ ಮೊರದಲ್ಲಿ ಕೇರಿದಂತೆ ಹಂದಿಯ ಮೈ ಜೊಳ್ಳನ್ನು ಹಾರಿಸಿ ಕೆಲವನ್ನು ಉಳಿಸಿಕೊಳ್ಳುತ್ತದೆ. ಕೇರುವವರಲ್ಲಿ ಮುಖ್ಯರಾದವರು ಪ್ರತಿಕಾಯಗಳು, ಅವೂ ಹಂದಿಯ ಪ್ರೋಟೀನ್‌ಗಳೇ. ಅವು ಹಿಡಿಯುವುದು ಕ್ಯಾಪ್ ಕವಚವನ್ನು. ಹೀಗಾಗಿ ಈ ವೈರಸ್ಸಿನಲ್ಲಿ ಉಳಿದುಬಂದ ಬದಲಾವಣೆಗಳು ಹೆಚ್ಚಾಗಿ ಕಾಣಸಿಗುವುದು ಕ್ಯಾಪ್‌ನಲ್ಲಿಯೇ. ರೆಪ್ ಅಷ್ಟಾಗಿ ಬದಲಾಗುವುದಿಲ್ಲ. 2ಎ ಎಂಬ ಬಗೆ ಹಿಂದೆ ಸರಿದು 2ಬಿ ಹರಡಿತು, ಅದರ ಮೇಲೆ ಈಗ 2ಡಿ ಮುಂದಾಗಿದೆ. 2ಡಿಯ ಕವಚದ ಪ್ರೋಟೀನ್‌ನಲ್ಲಿ 233ರ ಬದಲು 234 ಅಮೈನೋ ಆಮ್ಲಗಳಿವೆ.

ಈಗ ನಿಮ್ಮ ಶೆಡ್. ಲಸಿಕೆ ಸೋತಿತು ಎಂದು ತೀರ್ಮಾನಿಸಲು ಆತುರಪಡಬೇಡಿ. 2006ರಿಂದ ಬಳಕೆಗೆ ಬಂದ ಲಸಿಕೆಗಳಲ್ಲಿ ಹೆಚ್ಚಿನವು 2ಎ ಆಧರಿಸಿದವು. ಅವು 2ಡಿಯಿಂದ ಬರುವ ಕಾಯಿಲೆಯನ್ನೂ ಬಹುಮಟ್ಟಿಗೆ ತಡೆಯುತ್ತವೆ, ಸೋಂಕನ್ನು ಮಾತ್ರ ಪೂರ್ತಿ ನಿಲ್ಲಿಸುವುದಿಲ್ಲ. ಮೊದಲು ನೋಡಬೇಕಾದದ್ದು ಲಸಿಕೆ ಇಟ್ಟ ಫ್ರಿಜ್ಜನ್ನು. ಈ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು, ಹೆಪ್ಪುಗಟ್ಟಲು ಬಿಡಲೇಬಾರದು. ಹಳ್ಳಿಯ ಮನೆಗಳಲ್ಲಿ ಬಾಟಲಿಯನ್ನು ಫ್ರೀಜರ್ ಗೋಡೆಗೆ ಆನಿಸಿ ಇಡುವುದನ್ನು ಬಹಳ ನೋಡಿದ್ದೇನೆ. ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಲಸಿಕೆಯ ಪರಿಣಾಮ ಹೆಚ್ಚಿಸಲು ಅದರಲ್ಲಿ ಬೆರೆಸಿರುವ ಪ್ರಚೋದಕ ಒಡೆದುಹೋಗುತ್ತದೆ. ಬಾಟಲಿ ನೋಡಲು ಸರಿಯಾಗಿಯೇ ಇರುತ್ತದೆ, ಲಸಿಕೆಯ ಬಲ ಮಾತ್ರ ಹೋಗಿರುತ್ತದೆ.

ಇನ್ನೊಂದು ಮಾತು. ಪಿಸಿಆರ್‌ನಲ್ಲಿ ಪಿಸಿವಿ-2 ಸಿಕ್ಕಿತು ಎಂದ ಮಾತ್ರಕ್ಕೆ ಕಾಯಿಲೆ ಅದರಿಂದಲೇ ಬಂತು ಎನ್ನುವಂತಿಲ್ಲ. ಆರೋಗ್ಯವಾಗಿರುವ ಹಂದಿಗಳಲ್ಲೂ ಅದು ಸಿಗುತ್ತದೆ. ಸೊರಗಿದ ಲಕ್ಷಣ, ದುಗ್ಧಗ್ರಂಥಿಯ ಅಂಗಾಂಶದಲ್ಲಿ ಅದರದೇ ಆದ ಹಾನಿ, ಆ ಹಾನಿಯಾದ ಜಾಗದಲ್ಲೇ ವೈರಸ್, ಈ ಮೂರೂ ಕೂಡಿಬಂದರೆ ಮಾತ್ರ ರೋಗನಿರ್ಣಯ ಗಟ್ಟಿ. ಸತ್ತ ಮರಿಯ ತೊಡೆಸಂದಿನ ಗ್ರಂಥಿಯ ಒಂದು ತುಂಡನ್ನು ಫಾರ್ಮಲಿನ್‌ನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಯೂ ಕಳುಹಿಸುವಂತೆ ನಿಮ್ಮ ಪಶುವೈದ್ಯರಿಗೆ ಹೇಳಿ.

ಪ್ರಶ್ನೆ (ಪಶುವೈದ್ಯಕೀಯ ವಿದ್ಯಾರ್ಥಿನಿ, ಬೀದರ್):
ಮೇಡಂ, ನನಗೆ ಒಂದು ಗೊಂದಲ. ಆರ್‌ಎನ್‌ಎ ವೈರಸ್‌ಗಳ ಪಾಲಿಮರೇಸ್‌ಗೆ ತಪ್ಪು ತಿದ್ದಿಕೊಳ್ಳುವ ಶಕ್ತಿ ಇಲ್ಲ, ಅದಕ್ಕೇ ಅವು ಬೇಗ ಬದಲಾಗುತ್ತವೆ ಎಂದು ಪಾಠದಲ್ಲಿದೆ. ಹಂದಿಯ ಪಾಲಿಮರೇಸ್ ತಪ್ಪು ತಿದ್ದಿಕೊಳ್ಳುತ್ತದೆ. ಅದನ್ನೇ ಬಳಸುವ ಪಿಸಿವಿ-2 ನಿಧಾನವಾಗಿ ತಾನೇ ಬದಲಾಗಬೇಕು?

ಉತ್ತರ:
ಈ ವಿಷಯದ ತಿರುಳೇ ನಿಮ್ಮ ಪ್ರಶ್ನೆಯಲ್ಲಿದೆ. ತರ್ಕದ ಪ್ರಕಾರ ನಿಧಾನವೇ ಆಗಬೇಕಿತ್ತು. ಜೀವಕೋಶ ತನ್ನ ಡಿಎನ್‌ಎಯನ್ನು ಪ್ರತಿ ತೆಗೆಯುವಾಗ ಎಲ್ಲ ತಿದ್ದುಪಡಿಗಳೂ ಮುಗಿದ ಮೇಲೆ ಉಳಿಯುವುದು ನೂರು ಕೋಟಿ ಅಕ್ಷರಕ್ಕೆ ಒಂದು ತಪ್ಪು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಆರ್‌ಎನ್‌ಎ ವೈರಸ್‌ಗಳು ಹತ್ತು ಸಾವಿರದಿಂದ ಲಕ್ಷ ಅಕ್ಷರಕ್ಕೊಂದು ತಪ್ಪು ಮಾಡುತ್ತವೆ. ಹೀಗಿದ್ದೂ 2009ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಪಿಸಿವಿ-2ರಲ್ಲಿ ವರ್ಷಕ್ಕೆ ಸುಮಾರು ಸಾವಿರ ಅಕ್ಷರಕ್ಕೆ ಒಂದರಂತೆ ಬದಲಾವಣೆ ನೆಲೆಯೂರುತ್ತದೆ. ಅದು ಆರ್‌ಎನ್‌ಎ ವೈರಸ್‌ಗಳ ವೇಗ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ, ಪರೀಕ್ಷೆಯಲ್ಲಿ ಇಲ್ಲಿಯೇ ಅಂಕ ಹೋಗುತ್ತದೆ. ಈ ಎರಡು ಅಂಕಿಗಳು ಒಂದೇ ಅಳತೆಯವಲ್ಲ. ಮೊದಲನೆಯದು ಒಂದು ಸಲ ಪ್ರತಿ ತೆಗೆದಾಗ ಆಗುವ ತಪ್ಪು. ಎರಡನೆಯದು ಒಂದು ವರ್ಷದಲ್ಲಿ ಲೆಕ್ಕವಿಲ್ಲದಷ್ಟು ಪ್ರತಿಗಳಾಗಿ, ಹಂದಿಗಳ ಹಿಂಡುಗಳಲ್ಲಿ ಹಾದು, ಆಯ್ಕೆಯಾಗಿ ಉಳಿದ ಬದಲಾವಣೆ. ವೈರಸ್ಸಿನ ಸಂತಾನ ಬೇಗ ಬೇಗ ಬೆಳೆಯುವುದೂ ಎರಡನೆಯ ಅಂಕಿಯಲ್ಲಿ ಸೇರಿಕೊಂಡಿದೆ. ಆದರೂ ಅದೊಂದರಿಂದಲೇ ಈ ವೇಗವನ್ನು ವಿವರಿಸಲಾಗದು.

ಉಳಿದ ವಿವರಣೆ ಸಿಗುವುದು ಪ್ರತಿ ತೆಗೆಯುವ ರೀತಿಯಲ್ಲಿ. ವೈರಸ್ಸಿನ ಒಂಟಿ ಎಳೆ ಕೋಶಕೇಂದ್ರಕ್ಕೆ ಹೋದ ಮೇಲೆ ಹಂದಿಯ ಕಿಣ್ವಗಳು ಅದಕ್ಕೆ ಜೊತೆ ಎಳೆ ಕಟ್ಟುತ್ತವೆ. ಬಳಿಕ ರೆಪ್ ಪ್ರೋಟೀನ್ ಕುಣಿಕೆಯಂತಿರುವ ಗೊತ್ತಾದ ಒಂದು ಜಾಗದಲ್ಲಿ ಒಂದು ಎಳೆಯನ್ನು ಕತ್ತರಿಸುತ್ತದೆ. ಕತ್ತರಿಸಿದ ತುದಿಯಿಂದ ಪಾಲಿಮರೇಸ್ ಉಂಗುರದ ಸುತ್ತ ಓಡುತ್ತಾ ಹೊಸ ಎಳೆ ನೇಯುತ್ತದೆ, ಹಳೆಯ ಎಳೆ ಬಿಚ್ಚಿಕೊಂಡು ಹೊರಗೆ ಬರುತ್ತದೆ. ಹೀಗೆ ಹೊರಬಂದ ಎಳೆ ಒಂಟಿ. ಪಾಲಿಮರೇಸ್ ತಪ್ಪಿದ ಅಕ್ಷರವನ್ನು ಸ್ಥಳದಲ್ಲೇ ತೆಗೆಯುವುದು ತಿದ್ದುಪಡಿಯ ಮೊದಲ ಹಂತ ಮಾತ್ರ. ಆಮೇಲೆ ಬರುವ ಜೋಡಿದೋಷ ದುರಸ್ತಿ ಪ್ರೋಟೀನ್‌ಗಳು ಎರಡು ಎಳೆಗಳನ್ನು ಒಂದಕ್ಕೊಂದು ಹೋಲಿಸಿ ಕೆಲಸ ಮಾಡುವಂಥವು. ಒಂಟಿ ಎಳೆಯ ಮುಂದೆ ಅವು ನಿರುಪಾಯ, ಹೋಲಿಸಲು ಜೊತೆಯೇ ಇಲ್ಲವಲ್ಲ. ಹಂದಿಯ ಡಿಎನ್‌ಎಗೆ ಸಿಗುವ ಎರಡನೆಯ ಹಂತದ ಕಾವಲು ವೈರಸ್ಸಿನ ಡಿಎನ್‌ಎಗೆ ಸರಿಯಾಗಿ ಸಿಗುವುದಿಲ್ಲ.

ಇದರ ಮೇಲೆ ಇನ್ನೊಂದು ಪೆಟ್ಟು ಇದೆ. ಡಿಎನ್‌ಎಯ ‘ಸಿ’ ಅಕ್ಷರ, ಅಂದರೆ ಸೈಟೊಸಿನ್, ನೀರಿನೊಡನೆ ವರ್ತಿಸಿ ತನ್ನ ಅಮೈನೋ ಗುಂಪನ್ನು ಕಳೆದುಕೊಂಡು ‘ಯು’ ಆಗಿಬಿಡುತ್ತದೆ. ಇದು ಎಲ್ಲ ಡಿಎನ್‌ಎಯಲ್ಲೂ ಆಗುತ್ತಿರುತ್ತದೆ. ಜೋಡಿ ಎಳೆಗಿಂತ ಒಂಟಿ ಎಳೆಯಲ್ಲಿ ಇದರ ವೇಗ ನೂರು ಪಟ್ಟಿಗೂ ಹೆಚ್ಚು. ‘ಯು’ವನ್ನು ಕಿತ್ತೆಸೆಯುವ ಯುರಾಸಿಲ್ ಗ್ಲೈಕೊಸೈಲೇಸ್ ಎಂಬ ಪ್ರೋಟೀನ್ ಜೀವಕೋಶದಲ್ಲಿದೆ. ಕಿತ್ತ ಜಾಗದಲ್ಲಿ ಯಾವ ಅಕ್ಷರ ತುಂಬಬೇಕೆಂದು ತಿಳಿಯಲು ಎದುರಿನ ಎಳೆ ಬೇಕು. ಒಂಟಿ ಎಳೆಗೆ ಆ ಅನುಕೂಲವಿಲ್ಲ. ಹಾಗೇ ಉಳಿದ ‘ಯು’ ಮುಂದಿನ ಪ್ರತಿಯಲ್ಲಿ ‘ಎ’ಯನ್ನು ಎಳೆದುಕೊಳ್ಳುತ್ತದೆ, ಅದರ ಮುಂದಿನ ಪ್ರತಿಯಲ್ಲಿ ‘ಟಿ’ ಬರುತ್ತದೆ. ‘ಸಿ’ ಇದ್ದಲ್ಲಿ ‘ಟಿ’ ಬಂದು ಕೂರುವುದು ಹೀಗೆ.

ಇದು ಹಂದಿಗೆ ಮಾತ್ರ ಸೇರಿದ ಕಥೆಯಲ್ಲ. ಕೋಲಾರದ ರೈತರ ನಿದ್ದೆ ಕೆಡಿಸುವ ಟೊಮೆಟೊ ಎಲೆ ಮುದುಡು ರೋಗದ ವೈರಸ್‌ಗಳು ಕೂಡ ಒಂಟಿ ಎಳೆ ಉಂಗುರ ಡಿಎನ್‌ಎಯವೇ. ಅವಕ್ಕೂ ರೆಪ್ ಉಂಟು, ಪಾಲಿಮರೇಸ್ ಇಲ್ಲ, ಗಿಡದ ಪಾಲಿಮರೇಸ್‌ನಲ್ಲೇ ಪ್ರತಿ ತೆಗೆಸಿಕೊಳ್ಳುತ್ತವೆ. ಆ ಕುಟುಂಬದಲ್ಲಿಯೂ ಬದಲಾವಣೆಯ ವೇಗ ಹೆಚ್ಚು, ‘ಸಿ’ಯಿಂದ ‘ಟಿ’ಗೆ ಆದ ಬದಲಾವಣೆಗಳು ಅಲ್ಲಿಯೂ ಎದ್ದು ಕಾಣುತ್ತವೆ. ಗಿಡ ಮತ್ತು ಹಂದಿ ಎಷ್ಟು ದೂರದ ಜೀವಿಗಳು! ಪ್ರತಿ ತೆಗೆಯುವ ರೀತಿ ಒಂದೇ ಆದ್ದರಿಂದ ಫಲವೂ ಒಂದೇ ತೆರನಾಗಿದೆ. ನನಗೆ ಈ ಹೋಲಿಕೆ ಇಂದಿಗೂ ಅಚ್ಚರಿ ತರುತ್ತದೆ.

ಅದೇ ವಿದ್ಯಾರ್ಥಿನಿ:
ಹಾಗಾದರೆ ಅಪೊಬೆಕ್ ಪ್ರೋಟೀನ್‌ಗಳ ಕೆಲಸವೂ ಇದೇ ಅಲ್ಲವೇ ಮೇಡಂ?

ಉತ್ತರ:
ಹೌದು. ನೀರಿನಿಂದ ತಾನಾಗಿ ಆಗುವುದನ್ನು ಅಪೊಬೆಕ್-3 ಪ್ರೋಟೀನ್‌ಗಳು ಬೇಕೆಂದೇ ಮಾಡುತ್ತವೆ. ವೈರಸ್ಸಿನ ಒಂಟಿ ಎಳೆ ಡಿಎನ್‌ಎ ಕಂಡರೆ ಅದರ ‘ಸಿ’ಗಳನ್ನು ಒಂದೇಸಮ ‘ಯು’ ಮಾಡಿ ಬರಹವನ್ನೇ ಕೆಡಿಸಿಬಿಡುವುದು ಅವುಗಳ ಕೆಲಸ. ಮನುಷ್ಯರಲ್ಲಿ ಈ ಬಗೆಯ ಏಳು ಜೀನ್‌ಗಳಿವೆ, ಹಂದಿಯಲ್ಲಿ ಎರಡೇ. ಆ ಎರಡು ಜೋಡಿಸಿಕೊಂಡು ಕೂಡ ಒಂದು ಪ್ರೋಟೀನ್ ಆಗುತ್ತದೆ. ಹಂದಿಯ ವಂಶವಾಹಿಯಲ್ಲೇ ಸೇರಿಕೊಂಡಿರುವ ರೆಟ್ರೋವೈರಸ್‌ಗಳನ್ನು ಇದು ತಡೆಯಬಲ್ಲದೆಂದು ಪ್ರಯೋಗಾಲಯದಲ್ಲಿ ತೋರಿಸಲಾಗಿದೆ.

ಇಂಥ ರಕ್ಷಣೆಗೆ ಎರಡು ಅಲಗು. ಪೆಟ್ಟು ಬಲವಾಗಿದ್ದರೆ ವೈರಸ್ ಕೆಟ್ಟು ನಾಶವಾಗುತ್ತದೆ. ಪೆಟ್ಟು ಹಗುರವಾಗಿದ್ದರೆ ಒಂದೆರಡು ಅಕ್ಷರ ಬದಲಾದ, ಬದುಕಬಲ್ಲ ವೈರಸ್ ಹೊರಬರುತ್ತದೆ. ಮನುಷ್ಯರ ಎಚ್‌ಐವಿಯಲ್ಲಿ ಇದು ಚೆನ್ನಾಗಿ ಅಧ್ಯಯನವಾಗಿದೆ. ಓದುವಾಗ ಒಂದನ್ನು ನೆನಪಿನಲ್ಲಿಡಿ: ಒಂದು ವೈರಸ್ಸಿನಲ್ಲಿ ‘ಸಿ’ಯಿಂದ ‘ಟಿ’ ಬದಲಾವಣೆಗಳು ಹೆಚ್ಚಿರುವುದನ್ನು ಕಂಡ ಕೂಡಲೇ ಅಪೊಬೆಕ್ ಹೆಸರು ಬರೆಯಬೇಡಿ. ಅದು ಬರೀ ನೀರಿನ ಕೆಲಸವೂ ಆಗಿರಬಹುದು. ಬದಲಾದ ‘ಸಿ’ಯ ಅಕ್ಕಪಕ್ಕ ಯಾವ ಅಕ್ಷರಗಳಿವೆ ಎಂದು ನೋಡಿಯೇ ಹೇಳಬೇಕು. ಅಪೊಬೆಕ್‌ಗಳಿಗೆ ನೆರೆಯ ಅಕ್ಷರದ ಬಗ್ಗೆ ಒಲವು ಇರುತ್ತದೆ, ನೀರಿಗೆ ಇರುವುದಿಲ್ಲ.

ಪ್ರಶ್ನೆ (ದೊಡ್ಡಬಳ್ಳಾಪುರದ ಸಾಕಣೆದಾರರು):
ನಮಗೆ ತಿಳಿಯುವ ಹಾಗೆ ಒಂದು ಮಾತು ಹೇಳಿ ಮೇಡಂ. ಜೀವಕೋಶದ ಕಿಣ್ವಗಳೇ ವೈರಸ್ಸನ್ನು ಬೆಳೆಸುತ್ತವೆ ಎಂದರೆ, ಹಂದಿ ಚೆನ್ನಾಗಿ ಬೆಳೆದಷ್ಟೂ ವೈರಸ್ ಹೆಚ್ಚುತ್ತದೆಯೇ?

ಉತ್ತರ:
ಮೈ ತುಂಬ ಬೆಳೆಯುವುದರಿಂದ ಹೆಚ್ಚುವುದಿಲ್ಲ. ಆದರೆ ನಿಮ್ಮ ಊಹೆಯಲ್ಲಿ ಸತ್ಯಾಂಶವಿದೆ. ಡಿಎನ್‌ಎ ಪ್ರತಿ ತೆಗೆಯುವ ಕಿಣ್ವಗಳು ಜೀವಕೋಶದಲ್ಲಿ ಯಾವಾಗಲೂ ಸಿದ್ಧವಾಗಿರುವುದಿಲ್ಲ. ಕೋಶ ಒಡೆದು ಎರಡಾಗಲು ಅಣಿಯಾಗುವ ಹಂತದಲ್ಲಿ ಅವು ಕೆಲಸಕ್ಕಿಳಿಯುತ್ತವೆ. ಪಿಸಿವಿ ಆ ಹಂತಕ್ಕೆ ಕಾದು ಕೂರಬೇಕು. ಪ್ರಯೋಗಾಲಯದಲ್ಲಿ ನಾವು ಈ ವೈರಸ್ಸನ್ನು ಪಿಕೆ-15 ಎಂಬ ಹಂದಿ ಮೂತ್ರಪಿಂಡದ ಕೋಶಗಳಲ್ಲಿ ಬೆಳೆಸುತ್ತೇವೆ. ಸೋಂಕು ತಗುಲಿಸಿದ ಮೇಲೆ ಆ ಕೋಶಗಳಿಗೆ ಸ್ವಲ್ಪ ಹೊತ್ತು ಗ್ಲುಕೋಸಮಿನ್ ದ್ರಾವಣ ಹಾಕಿ ತೊಳೆಯುವುದು ಹಳೆಯ ರೂಢಿ. ಹಾಗೆ ಮಾಡಿದರೆ ವೈರಸ್ಸಿನ ಡಿಎನ್‌ಎಗೆ ಕೋಶಕೇಂದ್ರ ಸೇರಲು ದಾರಿಯಾಗುತ್ತದೆ, ಇಳುವರಿ ಹೆಚ್ಚುತ್ತದೆ. ಗ್ಲುಕೋಸಮಿನ್ ಹೆಚ್ಚು ಹೊತ್ತು ಬಿಟ್ಟರೆ ಕೋಶಗಳೇ ಸಾಯುತ್ತವೆ, ಆದ್ದರಿಂದ ಗಡಿಯಾರ ನೋಡಿಕೊಂಡು ತೊಳೆಯಬೇಕು.

ಮರಿಯ ಮೈಯಲ್ಲಿ ಹೀಗೆ ಬಿರುಸಾಗಿ ಒಡೆಯುವ ಕೋಶಗಳಲ್ಲಿ ರೋಗನಿರೋಧಕ ಕೋಶಗಳೂ ಸೇರಿವೆ. ಬೇರೊಂದು ಸೋಂಕು ಬಂದಾಗ ಅವು ಇನ್ನಷ್ಟು ಒಡೆಯುತ್ತವೆ. ಹಂದಿಯ ಪಾರ್ವೋವೈರಸ್ ಅಥವಾ ಗರ್ಭಪಾತ, ಉಸಿರಾಟದ ತೊಂದರೆ ತರುವ ಪಿಆರ್‌ಆರ್‌ಎಸ್ ಜೊತೆಗೂಡಿದರೆ ಪಿಸಿವಿ-2 ಕಾಯಿಲೆ ಉಲ್ಬಣಿಸಲು ಇದೂ ಒಂದು ಕಾರಣ. ಪ್ರತಿಗಳು ಹೆಚ್ಚಿದಷ್ಟೂ ತಪ್ಪುಗಳು ಹೆಚ್ಚು, ಉಳಿಯಬಲ್ಲ ತಪ್ಪುಗಳೂ ಹೆಚ್ಚು.

ಹಾಗೆಂದು ‘ರೋಗನಿರೋಧಕ ಕೋಶಗಳನ್ನು ಕೆರಳಿಸಬಾರದು, ಲಸಿಕೆ ಬೇಡ’ ಎಂದುಕೊಂಡರೆ ದೊಡ್ಡ ಅನಾಹುತವಾಗುತ್ತದೆ. ಲಸಿಕೆ ಪಡೆದ ಮರಿಯ ರಕ್ತದಲ್ಲಿ ವೈರಸ್ ಪ್ರಮಾಣ ಇಳಿಯುತ್ತದೆ, ಪ್ರತಿಗಳು ಕಡಿಮೆಯಾಗುತ್ತವೆ. ನೀವು ಮಾಡಬೇಕಾದದ್ದು ಬೇರೆ. ಬೇರೆ ಬೇರೆ ವಯಸ್ಸಿನ ಮರಿಗಳನ್ನು ಒಂದೇ ಅಂಕಣದಲ್ಲಿ ಬೆರೆಸಬೇಡಿ. ಒಂದು ತಂಡ ಪೂರ್ತಿ ಹೊರಗೆ ಹೋದ ಮೇಲೆ ತೊಳೆದು, ಒಣಗಿಸಿ, ಆಮೇಲೆ ಇನ್ನೊಂದನ್ನು ತನ್ನಿ. ಹುಟ್ಟಿದ ಮರಿಗೆ ಗಿಣ್ಣು ಹಾಲು ಹೊಟ್ಟೆ ತುಂಬ ಸಿಗಲಿ. ಈ ವೈರಸ್ಸಿಗೆ ಕೊಬ್ಬಿನ ಪೊರೆ ಇಲ್ಲದಿರುವುದರಿಂದ ಸ್ಪಿರಿಟ್‌ಗೆ ಬಗ್ಗುವುದಿಲ್ಲ. ಸಗಣಿ, ಕೊಳೆ ಪೂರ್ತಿ ತೆಗೆದ ನೆಲಕ್ಕೆ ಸೋಡಿಯಂ ಹೈಪೊಕ್ಲೋರೈಟ್ ಅಥವಾ ಕಾಸ್ಟಿಕ್ ಸೋಡಾ ದ್ರಾವಣ ಬೇಕು. ಕೈಗವಸು, ಬೂಟು ಹಾಕಿಕೊಂಡೇ ಮಾಡಿ, ಅದು ಚರ್ಮ ಸುಡುತ್ತದೆ.

ಪ್ರಶ್ನೆ (ಗೃಹಿಣಿ, ಮಡಿಕೇರಿ):
ಡಾಕ್ಟರಮ್ಮ, ಈ ಪಿಸಿವಿ ಮನುಷ್ಯರಿಗೆ ಬರುತ್ತದೆಯೇ? ನಮ್ಮ ಮನೆಯಲ್ಲಿ ಹಂದಿ ಮಾಂಸ ತಿನ್ನುತ್ತೇವೆ.

ಉತ್ತರ:
ಹಂದಿ ಮಾಂಸ ತಿನ್ನುವುದರಿಂದ ಪಿಸಿವಿ-2 ಕಾಯಿಲೆ ಬಂದ ನಿದರ್ಶನವಿಲ್ಲ. ನಿಶ್ಚಿಂತೆಯಿಂದ ಅಡುಗೆ ಮಾಡಿ, ಚೆನ್ನಾಗಿ ಬೇಯಿಸಿ. ಚೆನ್ನಾಗಿ ಬೇಯಿಸಬೇಕಾದದ್ದು ಲಾಡಿಹುಳುವಿನಂಥ ಬೇರೆ ಕಾರಣಕ್ಕೆ. 2010ರ ಮಾರ್ಚ್‌ನಲ್ಲಿ ಮಕ್ಕಳ ರೋಟಾವೈರಸ್ ಲಸಿಕೆಯೊಂದರಲ್ಲಿ ಇದೇ ಬಳಗದ ಪಿಸಿವಿ-1ರ ಡಿಎನ್‌ಎ ಸಿಕ್ಕಿ, ಅಮೆರಿಕದಲ್ಲಿ ಅದರ ಬಳಕೆಯನ್ನು ಕೆಲಕಾಲ ನಿಲ್ಲಿಸಿದ್ದರು. ಮಕ್ಕಳಿಗೆ ಹಾನಿಯಾದದ್ದು ಕಂಡುಬರಲಿಲ್ಲ, ಎರಡು ತಿಂಗಳೊಳಗೆ ಮತ್ತೆ ಅನುಮತಿ ಕೊಟ್ಟರು.

ಪ್ರಶ್ನೆ (ಪಶುವೈದ್ಯರು, ಶಿವಮೊಗ್ಗ):
ಆಫ್ರಿಕನ್ ಹಂದಿ ಜ್ವರದ ವೈರಸ್ ಕೂಡ ಡಿಎನ್‌ಎಯದೇ. ಅದಕ್ಕೂ ಈ ಮಾತು ಹೊಂದುತ್ತದೆಯೇ?

ಉತ್ತರ:
ಇಲ್ಲ ಸರ್, ಅದು ತೀರಾ ಬೇರೆ. ಅದರ ಡಿಎನ್‌ಎ ಜೋಡಿ ಎಳೆಯದು, ಉದ್ದ 1,70,000ದಿಂದ 1,90,000 ಅಕ್ಷರ ಜೋಡಿಗಳಷ್ಟು. ಪ್ರತಿ ತೆಗೆಯುವ ಪಾಲಿಮರೇಸ್, ದುರಸ್ತಿಗೆ ಇನ್ನೊಂದು ಪುಟ್ಟ ಪಾಲಿಮರೇಸ್, ಕೊಂಡಿ ಹಾಕುವ ಕಿಣ್ವ, ಎಲ್ಲವನ್ನೂ ಅದು ತಾನೇ ಹೊತ್ತು ತರುತ್ತದೆ. ಹೆಚ್ಚಿನ ಕೆಲಸವನ್ನು ಕೋಶಕೇಂದ್ರದ ಹೊರಗೇ ನಡೆಸುತ್ತದೆ. ಹಂದಿಯ ಪಾಲಿಮರೇಸ್ ಮೇಲೆ ಅದರ ಅವಲಂಬನೆ ಕಡಿಮೆ, ಬದಲಾವಣೆಯೂ ನಿಧಾನ. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಮೊದಲು ಕಂಡು, 2022ರಲ್ಲಿ ವಯನಾಡಿಗೂ ಬಂದಿತಲ್ಲ, ಅದು ಹರಡಿದ್ದು ಬೇಗ ಬದಲಾಗಿ ಅಲ್ಲ. ಸೋಂಕಿತ ಹಂದಿ, ಮಾಂಸ, ಹೋಟೆಲಿನ ಎಂಜಲು, ವಾಹನ ಇಂಥವುಗಳೇ ಅದರ ದಾರಿ.

ಪ್ರಶ್ನೆ (ಲಸಿಕೆ ತಯಾರಿಕೆಯಲ್ಲಿರುವವರು, ಬೆಂಗಳೂರು):
ನಮ್ಮಲ್ಲಿ ಹಂದಿ ಜ್ವರದ ಲಸಿಕೆಯನ್ನು ಹಿಂದೆ ಮೊಲಗಳಲ್ಲಿ ಬೆಳೆಸುತ್ತಿದ್ದರು, ಈಗ ಕೋಶ ಕೃಷಿಯಲ್ಲಿ ಬೆಳೆಸುವುದು ಬಂದಿದೆ. ಕೋಶ ಬದಲಾದರೆ ವೈರಸ್ಸೂ ಬದಲಾಗುವ ಅಪಾಯ ಎಷ್ಟು?

ಉತ್ತರ:
ಉಳಿಯುವುದು ಯಾವುದು ಎಂಬುದನ್ನು ಕೋಶವೇ ಹೇಗೆ ತೀರ್ಮಾನಿಸುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ನೀವು ಹೇಳಿದ ಹಂದಿ ಜ್ವರ ಆಫ್ರಿಕನ್ ಹಂದಿ ಜ್ವರವಲ್ಲ, ಬೇರೆಯೇ ಕಾಯಿಲೆ. ಅದರದ್ದು ಆರ್‌ಎನ್‌ಎ ವೈರಸ್. ತಪ್ಪುಗಳನ್ನು ಅದರದೇ ಪಾಲಿಮರೇಸ್ ಮಾಡುತ್ತದೆ, ಅದಕ್ಕೆ ಹಂದಿಯ ಕಿಣ್ವ ಬೇಕಿಲ್ಲ. ಆದರೆ ಆಯ್ಕೆ ಮಾಡುವುದು ಕೋಶ. ಹಂದಿಗೆ ಮಾರಕವಾದ ವೈರಸ್ಸನ್ನು ಮೊಲದಿಂದ ಮೊಲಕ್ಕೆ ನೂರಾರು ಸಲ ದಾಟಿಸಿದಾಗ ಮೊಲದ ಕೋಶಗಳಿಗೆ ಹೊಂದಿಕೊಂಡದ್ದು ಉಳಿಯಿತು, ಹಂದಿಯಲ್ಲಿ ಅದರ ಬಿರುಸು ಹೋಯಿತು. ಚೀನಾದಲ್ಲಿ ಹೀಗೆ ಪಳಗಿಸಿದ ತಳಿಯೇ ಇಂದಿಗೂ ಜಗತ್ತಿನ ಅತ್ಯುತ್ತಮ ಪಶು ಲಸಿಕೆಗಳಲ್ಲಿ ಒಂದು.

ಕೋಶ ಕೃಷಿಯಲ್ಲಿ ಆಗುವುದನ್ನೂ ಹತ್ತಿರದಿಂದ ನೋಡಿ. ವೈರಸ್ಸಿನ ಮೈಮೇಲೆ ಇ-ಆರ್‌ಎನ್‌ಎಸ್ ಎಂಬ ಪ್ರೋಟೀನ್ ಇದೆ. ಹಂದಿ ಮೂತ್ರಪಿಂಡದ ಕೋಶಗಳಲ್ಲಿ ಈ ವೈರಸ್ಸನ್ನು ಮತ್ತೆ ಮತ್ತೆ ದಾಟಿಸಿದಾಗ ಆ ಪ್ರೋಟೀನ್‌ನ ಒಂದು ಸ್ಥಾನದಲ್ಲಿ (ವೈರಸ್ಸಿನ ಇಡೀ ಪ್ರೋಟೀನ್ ಸರಪಳಿಯ ಎಣಿಕೆಯಲ್ಲಿ 476ನೆಯದು) ಸೆರಿನ್ ಎಂಬ ಅಮೈನೋ ಆಮ್ಲ ಹೋಗಿ ಆರ್ಜಿನಿನ್ ಬರುತ್ತದೆ. ಕೋಶದ ಹೊರಮೈಯಲ್ಲಿ ಹೆಪರಾನ್ ಸಲ್ಫೇಟ್ ಹೊತ್ತ ಪ್ರೋಟೀನ್‌ಗಳಿರುತ್ತವೆ, ಅವು ಋಣ ವಿದ್ಯುದಂಶ ಉಳ್ಳವು. ಧನ ವಿದ್ಯುದಂಶದ ಆರ್ಜಿನಿನ್ ಬಂದರೆ ವೈರಸ್ಸಿಗೆ ಅವುಗಳ ಮೇಲೆ ಗಟ್ಟಿ ಹಿಡಿತ ಸಿಗುತ್ತದೆ. ಅಂಥ ವೈರಸ್ ಬಾಟಲಿಯಲ್ಲಿ ಬೇರೆಲ್ಲವನ್ನೂ ಹಿಂದೆ ಹಾಕಿ ತಾನೇ ತುಂಬಿಕೊಳ್ಳುತ್ತದೆ. ಹಂದಿಯ ಮೈಯೊಳಗೆ ಸೇರಿದರೆ ಅದಕ್ಕೆ ಈ ಮೇಲುಗೈ ಇರುವುದಿಲ್ಲ. ಎಲ್ಲಿ ಬೆಳೆಯಿತೋ ಅಲ್ಲಿಗೆ ತಕ್ಕದ್ದು ಉಳಿಯಿತು, ಅಷ್ಟೇ.

ಅಪಾಯದ ವಿಷಯ ಕೇಳಿದಿರಿ. ಹೆಚ್ಚು ಸಲ ದಾಟಿಸಿದರೆ ಲಸಿಕೆಯ ಗುಣ ಕುಂದಬಹುದು. ತದ್ವಿರುದ್ಧವಾಗಿ, ಜೀವಂತ ಲಸಿಕೆಯ ವೈರಸ್ ಹಂದಿಯಿಂದ ಹಂದಿಗೆ ದಾಟುತ್ತಾ ಹೋದರೆ ಮತ್ತೆ ಬಿರುಸು ಪಡೆಯಲೂಬಹುದು. 1996ರಲ್ಲಿ ಡೆನ್ಮಾರ್ಕ್‌ನಲ್ಲಿ ಪಿಆರ್‌ಆರ್‌ಎಸ್‌ನ ಜೀವಂತ ಲಸಿಕೆ ಹಾಕಿಸಿದ ಮೇಲೆ ಆ ಲಸಿಕೆಯ ವೈರಸ್ ಹಿಂಡುಗಳಲ್ಲಿ ಹರಡಿ, ಲಸಿಕೆ ಪಡೆಯದ ಹಂದಿಗಳಲ್ಲಿ ಕಾಯಿಲೆ ತಂದಿತು. ಆದ್ದರಿಂದ ಮೂಲ ಬೀಜದ ವೈರಸ್ಸಿನಿಂದ ಎಷ್ಟನೆಯ ದಾಟಿಕೆಯವರೆಗೆ ಲಸಿಕೆ ತಯಾರಿಸಬಹುದು ಎಂಬ ಮಿತಿಯನ್ನು ಯಾವ ಒತ್ತಡಕ್ಕೂ ಸಡಿಲಿಸಬೇಡಿ. ಬೇಡಿಕೆ ಹೆಚ್ಚಿದ ತಿಂಗಳಲ್ಲಿ ‘ಇನ್ನೊಂದು ಸಲ ದಾಟಿಸಿ ತುಂಬೋಣ’ ಎಂಬ ಮಾತು ಬಂದೇ ಬರುತ್ತದೆ. ಆಗ ಬೇಡ ಎನ್ನಿ, ಮೂಲ ಬೀಜದ ಹೊಸ ಸೀಸೆ ತೆರೆಯಿರಿ. ಕೋಶಗಳ ದಾಟಿಕೆಯ ಲೆಕ್ಕವನ್ನೂ ವೈರಸ್ಸಿನ ಲೆಕ್ಕದ ಜೊತೆಗೇ ಬರೆದಿಡಿ. ಮಿತಿಯ ಕೊನೆಯ ದಾಟಿಕೆಯ ವೈರಸ್ಸಿನ ಅನುಕ್ರಮವನ್ನು ಓದಿಸಿ ಮೂಲ ಬೀಜದೊಡನೆ ಹೋಲಿಸಿ. ಇ-ಆರ್‌ಎನ್‌ಎಸ್‌ನ 476ನೆಯ ಸ್ಥಾನವನ್ನು ಮೊದಲು ನೋಡಿ.